ಅಮ್ಮ ಹೊತ್ತ ಹರಕೆಗೆ ಮಗಳು ಹೊಣೆಯೆ?

ಪ್ರಶ್ನೆ: ನಾನು ನಮ್ಮ ಧರ್ಮಕೇಂದ್ರದಲ್ಲಿ ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಕಲಿಸುತ್ತೇನೆ. ಬೈಬಲಿನ ನ್ಯಾಯಸ್ಥಾಪಕರ ಗ್ರಂಥದಿಂದ ಯೆಫ್ತಾಹನ ಕಥೆ ಓದಿದ ದಿನ ಏಳನೇ ತರಗತಿಯ ಹುಡುಗಿಯೊಬ್ಬಳು, “ಟೀಚರ್, ಅಪ್ಪ ಹರಕೆ ಹೊತ್ತರೆ ಮಗಳು ಯಾಕೆ ಸಾಯಬೇಕು? ದೇವರು ಬೇಡ ಅನ್ನಲಿಲ್ಲವಾ?” ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಇದರ ಹಿಂದೆ ನನ್ನದೇ ಒಂದು ಸಂಕಟವೂ ಇದೆ. ನಾನು ಮೂರು ವರ್ಷದವಳಿದ್ದಾಗ ಟೈಫಾಯ್ಡ್ ಆಗಿ ಉಳಿಯುವುದೇ ಅನುಮಾನವಾಗಿತ್ತಂತೆ. ಬದುಕಿದರೆ ಮಗಳನ್ನು ಕನ್ಯಾಮಠಕ್ಕೆ ಕೊಡುತ್ತೇನೆಂದು ಅಮ್ಮ ಹರಕೆ ಹೊತ್ತಿದ್ದರು. ನಾನು ಮದುವೆಯಾದೆ. ಅಮ್ಮ ಈಗಿಲ್ಲ. ಮನೆಯಲ್ಲಿ ಏನೇ ಕೆಟ್ಟದ್ದಾದರೂ ದೊಡ್ಡಮ್ಮ “ಆ ಹರಕೆ ತೀರಿಲ್ಲವಲ್ಲ” ಎನ್ನುತ್ತಾರೆ. ಇಂಥ ಹಳೆಯ ಹರಕೆಗಳನ್ನು ಇಂದಿನ ಕ್ರೈಸ್ತರು ಹೇಗೆ ಅರ್ಥಮಾಡಿಕೊಳ್ಳಬೇಕು?

ಉತ್ತರ: ಪ್ರಿಯ ಸಹೋದರಿ, ಎರಡು ಪ್ರಶ್ನೆಗಳಲ್ಲಿ ನಿಮ್ಮ ಸ್ವಂತದ್ದನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದರ ಉತ್ತರ ಚಿಕ್ಕದು. ನಿಮ್ಮ ತಾಯಿ ಹೊತ್ತ ಹರಕೆ ನಿಮ್ಮನ್ನು ಕಟ್ಟುವುದಿಲ್ಲ. 1983ರಲ್ಲಿ ಜಾರಿಗೆ ಬಂದ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯ 1193ನೇ ವಿಧಿ, ಹರಕೆಯು ತನ್ನ ಸ್ವಭಾವದಿಂದಲೇ ಅದನ್ನು ಹೊತ್ತ ವ್ಯಕ್ತಿಯನ್ನು ಮಾತ್ರ ಬಂಧಿಸುತ್ತದೆ ಎಂದು ಒಂದೇ ಸಾಲಿನಲ್ಲಿ ಹೇಳಿಬಿಡುತ್ತದೆ. ಆದರೆ ಬಾಲ್ಯದಿಂದ ಕೇಳಿಕೊಂಡು ಬಂದ ಮಾತಿನ ಅಳುಕು ಕಾನೂನಿನ ಒಂದು ಸಾಲಿಗೆ ಕರಗುವಂಥದ್ದಲ್ಲ ಎಂಬುದು ನನಗೆ ಗೊತ್ತು. ಆ ಸಾಲಿಗೆ ತಲುಪುವ ಮೊದಲು ಧರ್ಮಸಭೆಯೇ ಬಹಳ ದೂರ ನಡೆದಿದೆ, ನಡುವೆ ದಾರಿ ತಪ್ಪಿದ್ದೂ ಇದೆ. ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರವೂ ಆ ದಾರಿಯಲ್ಲೇ ಸಿಗುತ್ತದೆ.

ಮೊದಲು ಪದದ ವಿಚಾರ. ಈ ವಿಷಯದಲ್ಲಿ ಕನ್ನಡದ ಓದುಗರಿಗೆ ಯುರೋಪಿನ ಓದುಗರಿಗಿಲ್ಲದ ಅನುಕೂಲವೊಂದಿದೆ. ಇಂಗ್ಲಿಷಿನಲ್ಲಿ ಮದುವೆಯ ವಾಗ್ದಾನಕ್ಕೂ ಸನ್ಯಾಸಿಯ ವ್ರತಕ್ಕೂ ಯಾಕೋಬನ ಹರಕೆಗೂ ಒಂದೇ ಪದ ಬಳಕೆಯಾಗುತ್ತದೆ. ನಾವಾದರೋ ಹರಕೆ, ವ್ರತ, ಆಣೆ ಎಂದು ಮೂರನ್ನೂ ಬೇರೆ ಬೇರೆಯಾಗಿಯೇ ಬಲ್ಲೆವು. ಹೀಬ್ರೂ ಭಾಷೆಯ ‘ನೆದೆರ್’ ಬಹುಮಟ್ಟಿಗೆ ನಮ್ಮ ಹರಕೆಯೇ: ಇದು ನಡೆದರೆ ಅದನ್ನು ಒಪ್ಪಿಸುತ್ತೇನೆ ಎಂಬ ಮಾತು. ಆಣೆಗೆ ಅಲ್ಲಿ ‘ಶೆವುಆ’ ಎಂಬ ಬೇರೆಯೇ ಪದವಿದೆ. ಆದಿಕಾಂಡದ 28ನೇ ಅಧ್ಯಾಯದಲ್ಲಿ, ಅಣ್ಣನಿಗೆ ಹೆದರಿ ಓಡಿಹೋಗುತ್ತಿದ್ದ ಯಾಕೋಬ ಬೇತೇಲಿನಲ್ಲಿ ಕಲ್ಲನ್ನೇ ತಲೆದಿಂಬಾಗಿಸಿಕೊಂಡು ಮಲಗಿ ಎದ್ದವನು, ದೇವರು ತನಗೆ ಉಣ್ಣಲು ಅನ್ನ, ಉಡಲು ಬಟ್ಟೆ ಕೊಟ್ಟು ಸುರಕ್ಷಿತವಾಗಿ ತಂದೆಯ ಮನೆಗೆ ಮರಳಿಸಿದರೆ, ಕೊಟ್ಟದ್ದರಲ್ಲಿ ಹತ್ತರಲ್ಲೊಂದು ಪಾಲು ಸಲ್ಲಿಸುತ್ತೇನೆ ಎನ್ನುತ್ತಾನೆ.

ಇದು ಇಸ್ರಯೇಲರಿಗೆ ಮಾತ್ರ ಸೇರಿದ ಆಚಾರವಾಗಿರಲಿಲ್ಲ. ಸಿರಿಯಾದ ಅಲೆಪ್ಪೊ ಸಮೀಪ ಸಿಕ್ಕ, ಕ್ರಿಸ್ತಪೂರ್ವ 9ನೇ ಶತಮಾನದ ಒಂದು ಶಾಸನಕಲ್ಲಿನಲ್ಲಿ ಬರ್‌-ಹದದ್ ಎಂಬ ಅರಸ, ತಾನು ಹರಕೆ ಹೊತ್ತಾಗ ಮೆಲ್ಕಾರ್ತ್ ದೇವನು ತನ್ನ ಮೊರೆ ಕೇಳಿದ್ದರಿಂದ ಈ ಕಲ್ಲು ನಿಲ್ಲಿಸಿದೆನೆಂದು ಬರೆಸಿದ್ದಾನೆ. ಇನ್ನೂ ಹಳೆಯ ಉಗಾರಿತ್ ನಗರದ ಜೇಡಿಮಣ್ಣಿನ ಹಲಗೆಗಳಲ್ಲಿ ಕೆರೆತ್ ಎಂಬ ರಾಜನ ಕಥೆ ಬರುತ್ತದೆ. ಬಯಸಿದ ಹೆಣ್ಣು ಸಿಕ್ಕರೆ ಅವಳ ತೂಕದ ಎರಡರಷ್ಟು ಬೆಳ್ಳಿ, ಮೂರರಷ್ಟು ಚಿನ್ನ ಕೊಡುತ್ತೇನೆಂದು ಅವನು ತೂರಿನ ಅಶೇರಾ ದೇವಿಗೆ ಹರಕೆ ಹೊತ್ತು, ಮದುವೆಯಾದ ಮೇಲೆ ಮರೆತುಬಿಡುತ್ತಾನೆ. ಆಗ ದೇವಿಗೆ ಕೋಪ ಬಂದು ಅವನು ಕಾಯಿಲೆ ಬೀಳುತ್ತಾನೆ. ನಿಮ್ಮ ದೊಡ್ಡಮ್ಮನ ಮಾತಿಗೆ ಇಷ್ಟು ಹಳೆಯ ಬೇರಿದೆ ಎಂದು ತೋರಿಸುವುದಕ್ಕೇ ಈ ಕಥೆ ಹೇಳಿದೆ. ಆ ಬೇರು ಇರುವುದು ಉಗಾರಿತ್‌ನಲ್ಲಿ. ಬೈಬಲಿನಲ್ಲಿಯೂ ತೀರಿಸದ ಹರಕೆ ಪಾಪವೆಂಬ ಮಾತಿದೆ, ಅದನ್ನು ಮರೆಮಾಚುವುದಿಲ್ಲ; ಆದರೆ ಧರ್ಮೋಪದೇಶಕಾಂಡದ 23ನೇ ಅಧ್ಯಾಯ ಆ ಮಾತಿನ ಬೆನ್ನಿಗೇ, ಹರಕೆ ಹೊರದಿದ್ದರೆ ಪಾಪವೇನೂ ಇಲ್ಲ ಎಂದು ಸೇರಿಸುತ್ತದೆ. ಹರಕೆ ಹೊರಬೇಕೆಂದು ಮೋಶೆಯ ಧರ್ಮಶಾಸ್ತ್ರ ಎಲ್ಲಿಯೂ ಯಾರಿಗೂ ಆಜ್ಞಾಪಿಸುವುದಿಲ್ಲ. ಜನ ಹೇಗಿದ್ದರೂ ಹರಕೆ ಹೊರುತ್ತಾರೆ ಎಂದು ಒಪ್ಪಿಕೊಂಡು, ಅದರಿಂದ ಆಗಬಹುದಾದ ಅನಾಹುತಕ್ಕೆ ಕಟ್ಟೆ ಕಟ್ಟುವುದೇ ಅದರ ಕೆಲಸ.

ಇದು ದೇವರೊಂದಿಗೆ ವ್ಯಾಪಾರವಲ್ಲವೆ ಎಂದು ಇಂದಿನ ವಿದ್ಯಾವಂತ ಕ್ರೈಸ್ತರು ಮೂಗು ಮುರಿಯುವುದುಂಟು. ನಾನು ಅಷ್ಟು ಕಠೋರವಾಗಿ ನೋಡುವುದಿಲ್ಲ. ವ್ಯಾಪಾರಕ್ಕೆ ಕೈಯಲ್ಲಿ ಸರಕು ಬೇಕು. ಹರಕೆ ಹೊರುವವರ ಕೈ ಸಾಮಾನ್ಯವಾಗಿ ಖಾಲಿ. ಮಕ್ಕಳಿಲ್ಲದ ಹನ್ನಳು, ದಿಕ್ಕೆಟ್ಟ ಯಾಕೋಬ, ಜ್ವರದ ಮಗುವಿನ ಪಕ್ಕ ಕುಳಿತ ನಿಮ್ಮ ತಾಯಿ, ಇವರೆಲ್ಲ ಇನ್ನು ಬೇರೇನೂ ಮಾಡಲಾಗದ ಹೊತ್ತಿನಲ್ಲಿ ಮಾತನ್ನಷ್ಟೇ ಕೊಟ್ಟವರು. ಅಲ್ಲದೆ ಹರಕೆ ತೀರಿಸುವ ಬಗೆಯನ್ನೂ ಗಮನಿಸಬೇಕು. ಯಾಜಕಕಾಂಡದ 7ನೇ ಅಧ್ಯಾಯದ ಪ್ರಕಾರ ಹರಕೆಯ ಬಲಿಯ ಮಾಂಸವನ್ನು ಅದೇ ದಿನ, ತಪ್ಪಿದರೆ ಮರುದಿನ, ತಿಂದು ಮುಗಿಸಬೇಕು. ಮೂರನೆಯ ದಿನಕ್ಕೆ ಉಳಿದದ್ದನ್ನು ಸುಡಬೇಕು. ಒಂದು ಮನೆಯವರು ಎರಡು ದಿನದಲ್ಲಿ ಒಂದು ಹೋರಿಯನ್ನು ತಿಂದು ಮುಗಿಸುವುದು ಸಾಧ್ಯವೆ? ನೆಂಟರನ್ನು, ನೆರೆಯವರನ್ನು, ಬಡವರನ್ನು ಕರೆಯಲೇಬೇಕಾಗುತ್ತದೆ. 22ನೇ ಕೀರ್ತನೆಯಲ್ಲಿ ಹರಕೆ ಸಲ್ಲಿಸುವ ಮಾತಿನ ಮರುಸಾಲಿನಲ್ಲೇ ಬಡವರು ಉಂಡು ತೃಪ್ತರಾಗುವ ಮಾತು ಬರುವುದು ಇದಕ್ಕೇ.

ಈಗ ಯೆಫ್ತಾಹ. ಈ ಕಥೆಯನ್ನು ಮೂಲದ ಕ್ರಮದಲ್ಲೇ ನಿಧಾನವಾಗಿ ಓದಬೇಕು. 11ನೇ ಅಧ್ಯಾಯದ 29ನೇ ವಚನದಲ್ಲಿ ಸರ್ವೇಶ್ವರನ ಆತ್ಮ ಅವನ ಮೇಲೆ ಇಳಿಯುತ್ತದೆ, ಅವನು ಅಮ್ಮೋನಿಯರತ್ತ ಹೊರಟದ್ದೂ ಆಗುತ್ತದೆ. ಹರಕೆ ಬರುವುದು ಅದಾದ ಮೇಲೆ, 30ನೇ ವಚನದಲ್ಲಿ. ಆಗಲೇ ಬಂದಿದ್ದ ಸಹಾಯಕ್ಕೆ ಅವನು ಹೊಸದಾಗಿ ಬೆಲೆ ಕಟ್ಟುತ್ತಿದ್ದಾನೆ. ಏಕೆಂದು ಅವನ ಹಿಂದಿನ ಬದುಕು ಹೇಳುತ್ತದೆ. ವೇಶ್ಯೆಯ ಮಗನೆಂದು ಮಲಸೋದರರು ಆಸ್ತಿಯಲ್ಲಿ ಪಾಲಿಲ್ಲದಂತೆ ಹೊರದೂಡಿದ್ದರು. ಯುದ್ಧ ಬಂದಾಗ ಗಿಲ್ಯಾದಿನ ಹಿರಿಯರು ಕರೆಯಲು ಬಂದರೆ, ಗೆದ್ದರೆ ನಾನೇ ನಿಮ್ಮ ನಾಯಕ ಎಂದು ಮೊದಲು ಮಾತು ಗಟ್ಟಿಮಾಡಿಕೊಂಡ. ಅಮ್ಮೋನಿಯರ ಅರಸನೊಂದಿಗೂ ದೂತರ ಮೂಲಕ ಉದ್ದುದ್ದ ವಾದ ನಡೆಸಿದ. ಯಾವುದನ್ನೂ ಪುಕ್ಕಟೆಯಾಗಿ ಪಡೆದು ಅಭ್ಯಾಸವಿಲ್ಲದ ಮನುಷ್ಯ ದೇವರ ಸಹಾಯವನ್ನೂ ಪುಕ್ಕಟೆಯಾಗಿ ಪಡೆಯಲಾರದೆ ಹೋದ ಎಂದೇ ನನಗೆ ಅನ್ನಿಸುತ್ತದೆ.

ತನ್ನ ಮನೆಯ ಬಾಗಿಲಿನಿಂದ ಎದುರುಗೊಳ್ಳಲು ಬರುವುದು ಸರ್ವೇಶ್ವರನದಾಗುವುದು ಮತ್ತು ಅದನ್ನು ದಹನಬಲಿಯಾಗಿ ಅರ್ಪಿಸುತ್ತೇನೆಂದು ಅವನು ಹೇಳಿದ. ಹೀಬ್ರೂ ವಾಕ್ಯ ‘ಬರುವವರು’, ‘ಬರುವುದು’ ಎರಡಕ್ಕೂ ಒದಗುತ್ತದೆ. ಆ ಕಾಲದ ಮನೆಗಳಲ್ಲಿ ನೆಲದ ಅಂತಸ್ತಿನಲ್ಲೇ ದನಕುರಿಗಳನ್ನೂ ಕಟ್ಟುತ್ತಿದ್ದುದರಿಂದ ಅವನ ಮನಸ್ಸಿನಲ್ಲಿ ಇದ್ದದ್ದು ಕುರಿಯೋ ಕರುವೋ ಇರಬಹುದು ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಆದರೆ ಗೆದ್ದು ಬಂದವರನ್ನು ಹೆಂಗಸರು ದಮ್ಮಡಿ ಬಾರಿಸುತ್ತ, ಕುಣಿಯುತ್ತ ಎದುರುಗೊಳ್ಳುವುದು ಅಲ್ಲಿನ ವಾಡಿಕೆ. ಸೌಲ ಮತ್ತು ದಾವೀದರು ಮರಳಿದಾಗಲೂ ಹಾಗೆಯೇ ಆಯಿತು. ಯಾರು ಹೊರಗೆ ಬಂದಾರು ಎಂದು ಯೆಫ್ತಾಹ ಒಂದು ಗಳಿಗೆ ಯೋಚಿಸಿದ್ದರೆ ಸಾಕಿತ್ತು. ಬಂದವಳು ಅವನ ಒಬ್ಬಳೇ ಮಗಳು, ಕೈಯಲ್ಲಿ ದಮ್ಮಡಿ. ಅವನು ಬಟ್ಟೆ ಹರಿದುಕೊಂಡು ಆಡಿದ ಮೊದಲ ಮಾತು, ಅಯ್ಯೋ ಮಗಳೇ, ನೀನು ನನ್ನನ್ನು ಕುಗ್ಗಿಸಿಬಿಟ್ಟೆ ಎಂಬುದು. ಬಾಯಿ ತೆರೆದವನು ತಾನು. ಅಪರಾಧ ಹೊತ್ತವಳು ಮಗಳು. ಸರ್ವೇಶ್ವರನ ಮುಂದೆ ಬಾಯಿ ತೆರೆದುಬಿಟ್ಟೆ, ಹಿಂದೆಗೆಯಲಾರೆ ಎನ್ನುತ್ತಾನೆ. ಯೆಫ್ತಾಹ ಎಂಬ ಹೆಸರಿಗೇ ‘ತೆರೆಯುತ್ತಾನೆ’ ಎಂದು ಅರ್ಥ. ಕಥೆ ಬರೆದವನು ಇಂಥ ಕಡೆ ತೀರ್ಪು ಕೊಡದೆಯೇ ತೀರ್ಪು ಕೊಡುತ್ತಾನೆ.

ಹಾಗಾದರೆ ದೇವರು ಬೇಡವೆನ್ನಲಿಲ್ಲವೆ? ಇಲ್ಲ, ಎನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ. ಮಗನನ್ನು ಬಲಿಕೊಡಲು ಹೊರಟ ಅಬ್ರಹಾಮನ ಕೈಯನ್ನು ತಡೆದ ದೂತ ಇಲ್ಲಿ ಬರುವುದಿಲ್ಲ. ಈ ಮೌನವನ್ನು ಸಹಿಸಲಾರದೆ ಕೆಲವರು ಬೇರೆ ದಾರಿ ಹುಡುಕಿದರು. ಮಧ್ಯಯುಗದ ಯೆಹೂದಿ ವ್ಯಾಖ್ಯಾನಕಾರ ದಾವೀದ್ ಕಿಮ್ಹಿ, ಹರಕೆಯ ‘ಮತ್ತು’ ಎಂಬ ಅವ್ಯಯವನ್ನು ‘ಅಥವಾ’ ಎಂದು ಓದಿ, ಮನುಷ್ಯರು ಬಂದರೆ ದೇವರಿಗೆ ಮೀಸಲು, ಪ್ರಾಣಿ ಬಂದರೆ ದಹನಬಲಿ ಎಂದು ಬಿಡಿಸಿದ. ಮಗಳು ಸಾಯಲಿಲ್ಲ, ಮದುವೆಯಿಲ್ಲದೆ ಏಕಾಂತದಲ್ಲಿ ಉಳಿದಳು ಎಂದ. 14ನೇ ಶತಮಾನದ ಫ್ರಾನ್ಸಿಸ್ಕನ್ ವಿದ್ವಾಂಸ ಲೈರಾದ ನಿಕೊಲಾಸ್ ಮೊದಲಾದ ಕ್ರೈಸ್ತರಿಗೂ ಇದು ಹಿಡಿಸಿತು. ಅವಳು ಎರಡು ತಿಂಗಳು ಬೆಟ್ಟಗಳಲ್ಲಿ ಗೆಳತಿಯರೊಂದಿಗೆ ತನ್ನ ಕನ್ಯತ್ವಕ್ಕಾಗಿ ಅತ್ತಳು ಎಂಬ ಮಾತು ಈ ಓದಿಗೆ ಆಸರೆ. ನನಗೆ ಇದು ಒಪ್ಪಿಗೆಯಾಗಿಲ್ಲ. ದಹನಬಲಿ ಎಂಬ ಪದ ಬೈಬಲಿನಲ್ಲಿ ಬೆಂಕಿಯ ಬಲಿಯನ್ನೇ ಹೇಳುತ್ತದೆ, ಅವನು ಹರಕೆಯಂತೆ ಮಾಡಿದ ಎಂದು 39ನೇ ವಚನ ನೇರವಾಗಿ ಹೇಳುತ್ತದೆ, ಮತ್ತು ಇಸ್ರಯೇಲಿನ ಹೆಣ್ಣುಮಕ್ಕಳು ವರ್ಷಕ್ಕೆ ನಾಲ್ಕು ದಿನ ಅವಳನ್ನು ನೆನೆಯುತ್ತಿದ್ದರು. ಮಕ್ಕಳ ಮುಂದೆ ಕಥೆಯನ್ನು ಮೃದು ಮಾಡಲು ಹೋಗಿ ಸುಳ್ಳು ಹೇಳುವುದು ಬೇಡ.

ಹಿಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯ ಯೆಫ್ತಾಹನನ್ನು ವಿಶ್ವಾಸಿಗಳ ಸಾಲಿನಲ್ಲಿ ಸೇರಿಸಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಅದೇ ಸಾಲಿನಲ್ಲಿ ಸಂಸೋನನೂ ಇದ್ದಾನೆ. ಅವನ ನಡತೆಯನ್ನೆಲ್ಲ ಯಾರೂ ಮಾದರಿ ಎನ್ನುವುದಿಲ್ಲ. 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು, ಸಂತ ಜೆರೋಮರ ಮಾತೆಂದು ಹೇಳಿ, ಯೆಫ್ತಾಹ ಹರಕೆ ಹೊರುವಾಗ ಅವಿವೇಕಿ, ತೀರಿಸುವಾಗ ಅಧರ್ಮಿ ಎಂದು ಬರೆದರು. ಹೊತ್ತದ್ದು ತಪ್ಪು ಮಾತ್ರವಲ್ಲ, ತೀರಿಸಿದ್ದು ಇನ್ನೂ ದೊಡ್ಡ ತಪ್ಪು ಎಂಬ ಈ ಎರಡನೆಯ ಅರ್ಧವನ್ನು ನಮ್ಮ ಪ್ರಸಂಗಗಳಲ್ಲಿ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ತೀರಿಸದೆ ಇರಲು ದಾರಿ ಇತ್ತೆ? ಯಾಜಕಕಾಂಡದ 27ನೇ ಅಧ್ಯಾಯ ಮನುಷ್ಯರನ್ನು ಹರಕೆಯಾಗಿ ಒಪ್ಪಿಸಿದರೆ ಅವರಿಗೆ ಬದಲಾಗಿ ಎಷ್ಟು ಬೆಳ್ಳಿ ಕೊಡಬೇಕೆಂದು ಪಟ್ಟಿ ಮಾಡುತ್ತದೆ: 20ರಿಂದ 60 ವರ್ಷದ ಗಂಡಸಿಗೆ 50 ಶೆಕೆಲ್, ಹೆಂಗಸಿಗೆ 30, 5ರಿಂದ 20 ವರ್ಷದ ಹುಡುಗನಿಗೆ 20, ಹುಡುಗಿಗೆ 10, ಅಷ್ಟು ಕೊಡಲಾಗದ ಬಡವನಿಗೆ ಯಾಜಕ ಅವನ ಶಕ್ತಿ ನೋಡಿ ಕಡಿಮೆ ಮಾಡಬೇಕು. ಹೆಣ್ಣಿನ ಬೆಲೆ ಕಡಿಮೆಯಿರುವುದು ನಮ್ಮ ಕಣ್ಣಿಗೆ ಚುಚ್ಚುತ್ತದೆ, ಚುಚ್ಚಬೇಕು. ಆದರೆ ಲೆಕ್ಕ ಹಾಕಿ: ಶೆಕೆಲ್ ಎಂದರೆ ಸುಮಾರು 11 ಗ್ರಾಂ, ಹತ್ತು ಶೆಕೆಲ್ ಎಂದರೆ ಹೆಚ್ಚುಕಡಿಮೆ 110 ಗ್ರಾಂ ಬೆಳ್ಳಿ. ಇಷ್ಟರಲ್ಲಿ ಒಬ್ಬ ಹುಡುಗಿಯ ಹರಕೆ ಬಿಡಿಸಬಹುದಿತ್ತು. ಈ ಅಧ್ಯಾಯ ಯೆಫ್ತಾಹನ ಕೈಯಲ್ಲಿ ಇತ್ತೆಂದು ನಾನು ಹೇಳುತ್ತಿಲ್ಲ. ಯಾಜಕಕಾಂಡ ಇಂದಿನ ರೂಪಕ್ಕೆ ಬಂದದ್ದು ಅವನ ಕಾಲಕ್ಕಿಂತ ಬಹಳ ಈಚೆಗೆ ಎಂದೇ ಹೆಚ್ಚಿನ ವಿದ್ವಾಂಸರ ಮತ. ಆದರೆ ಓದುಗರಾದ ನಮ್ಮ ಕೈಯಲ್ಲಿ ಎರಡೂ ಇವೆ. ಪುರಾತನ ಯೆಹೂದಿ ರಬ್ಬಿಗಳು ಎರಡನ್ನೂ ಜೊತೆಗಿಟ್ಟು ಓದಿ ಒಂದು ಕಟುವಾದ ಕಥೆ ಹೇಳಿದರು: ಹರಕೆಯನ್ನು ಬಿಡಿಸಬಲ್ಲ ಮಹಾಯಾಜಕ ಫೀನೆಹಾಸ ಆಗ ಇದ್ದನಂತೆ; ಸೇನಾಪತಿ ನಾನೇಕೆ ಅವನ ಬಳಿ ಹೋಗಲಿ ಎಂದು ಯೆಫ್ತಾಹ, ಯಾಜಕ ನಾನೇಕೆ ಅವನ ಬಳಿ ಹೋಗಲಿ ಎಂದು ಫೀನೆಹಾಸ, ಇಬ್ಬರ ಬಿಗುಮಾನದ ನಡುವೆ ಹುಡುಗಿ ಸತ್ತಳಂತೆ.

ಬೈಬಲಿನೊಳಗೇ ಇದಕ್ಕೆ ಪ್ರತಿಕಥೆಯೊಂದಿದೆ. ಸಮುವೇಲನ ಮೊದಲ ಗ್ರಂಥದ 14ನೇ ಅಧ್ಯಾಯದಲ್ಲಿ, ಸಂಜೆಯೊಳಗೆ ಉಂಡವನು ಶಾಪಗ್ರಸ್ತ ಎಂದು ಸೌಲ ಸೈನ್ಯಕ್ಕೆಲ್ಲ ಆಣೆ ಇಡುತ್ತಾನೆ. ಇದು ಗೊತ್ತಿಲ್ಲದ ಅವನ ಮಗ ಯೋನಾತಾನ ಕಾಡಿನಲ್ಲಿ ಕೋಲಿನ ತುದಿಯಿಂದ ಜೇನು ತಿನ್ನುತ್ತಾನೆ. ನೀನು ಸಾಯಲೇಬೇಕು ಎನ್ನುತ್ತಾನೆ ಸೌಲ. ಆಗ ಸೈನಿಕರು ಅಡ್ಡ ನಿಂತು, ಅವನ ತಲೆಯ ಒಂದು ಕೂದಲೂ ನೆಲಕ್ಕೆ ಬೀಳಬಾರದು ಎನ್ನುತ್ತಾರೆ. ಮೂಲದ ಪದದಂತೆ ಹೇಳುವುದಾದರೆ, ಜನರು ಯೋನಾತಾನನನ್ನು ‘ಬಿಡಿಸಿಕೊಂಡರು’. ಇದಕ್ಕಾಗಿ ದೇವರು ಆ ಜನರನ್ನು ದಂಡಿಸಿದ್ದು ಎಲ್ಲಿಯೂ ಇಲ್ಲ.

ಇನ್ನು ಹನ್ನಳ ವಿಚಾರ, ಏಕೆಂದರೆ ನಿಮ್ಮ ತಾಯಿಯ ಮನಸ್ಸಿನಲ್ಲಿ ಇದ್ದದ್ದು ಬಹುಶಃ ಅವಳೇ. ಮಗ ಹುಟ್ಟಿದರೆ ಅವನನ್ನು ದೇವರಿಗೆ ಒಪ್ಪಿಸುತ್ತೇನೆಂದು ಹರಕೆ ಹೊತ್ತವಳು ಅವಳು. ಸಂಖ್ಯಾಕಾಂಡದ (ಪ್ರೊಟೆಸ್ಟಂಟ್ ಬೈಬಲಿನಲ್ಲಿ ಅರಣ್ಯಕಾಂಡ) 30ನೇ ಅಧ್ಯಾಯದ ಪ್ರಕಾರ ಹೆಂಡತಿಯ ಹರಕೆಯನ್ನು ಗಂಡ ಕೇಳಿದ ದಿನವೇ ರದ್ದು ಮಾಡಬಹುದಿತ್ತು, ಮಗಳದನ್ನು ತಂದೆ; ವಿಧವೆಯ ಮಾತು ಮಾತ್ರ ಅವಳದೇ. ಮನೆಯ ಆಸ್ತಿಯೆಲ್ಲ ಯಜಮಾನನದಾಗಿದ್ದ ಸಮಾಜದ ಕಾನೂನು ಅದು, ಅದನ್ನು ಇಂದಿಗೆ ಅನ್ವಯಿಸಲು ಯಾರೂ ಹೊರಡಬಾರದು. ಹನ್ನಳ ಗಂಡ ಎಲ್ಕಾನ ರದ್ದು ಮಾಡಲಿಲ್ಲ. ಹನ್ನಳು ಮೊಲೆ ಬಿಡಿಸಿದ ಮೇಲೆ ಮಗ ಸಮುವೇಲನನ್ನು ಶಿಲೋವಿನ ಗುಡಿಗೆ ಒಯ್ದು ಬಿಟ್ಟಳು, ವರ್ಷ ವರ್ಷವೂ ಅವನಿಗೊಂದು ಪುಟ್ಟ ನಿಲುವಂಗಿ ಹೊಲಿದು ತರುತ್ತಿದ್ದಳು. ಬೆಳೆಯುವ ಮಗುವಿನ ಅಳತೆಯನ್ನು ಕಣ್ಣಿಗೆ ಕಾಣದೆ ಹೇಗೆ ಅಂದಾಜು ಮಾಡುತ್ತಿದ್ದಳೋ! ಆದರೆ ಆ ಕಥೆಯಲ್ಲೂ ದೇವರು ರಾತ್ರಿ ಹುಡುಗನನ್ನೇ ಹೆಸರು ಹಿಡಿದು ಕರೆಯುತ್ತಾನೆ, ಹುಡುಗ ತಾನೇ ಉತ್ತರ ಕೊಡುತ್ತಾನೆ. ತಾಯಿಯ ಹರಕೆ ಅವನನ್ನು ಗುಡಿಯ ಬಾಗಿಲವರೆಗೆ ಮಾತ್ರ ತಂದಿತು.

ಈ ಸೂಕ್ಷ್ಮವನ್ನು ಧರ್ಮಸಭೆ ಬಹುಕಾಲ ಕಾಣಲಿಲ್ಲ. 6ನೇ ಶತಮಾನದ ಸಂತ ಬೆನೆಡಿಕ್ಟರ ನಿಯಮಾವಳಿಯ 59ನೇ ಅಧ್ಯಾಯದಲ್ಲಿ, ತಂದೆತಾಯಿ ಮಗನನ್ನು ಮಠಕ್ಕೆ ಒಪ್ಪಿಸುವಾಗ ಬರೆದ ಪತ್ರವನ್ನೂ ಹುಡುಗನ ಕೈಯನ್ನೂ ಬಲಿಪೀಠದ ವಸ್ತ್ರದಲ್ಲಿ ಸುತ್ತಿ ಅರ್ಪಿಸುವ ವಿಧಿಯಿದೆ. 633ರ ಟೊಲೆಡೊ ಸಭೆ, ಸನ್ಯಾಸಿಯಾಗುವುದು ತಂದೆಯ ಅರ್ಪಣೆಯಿಂದಾದರೂ ಆಗಬಹುದು, ಸ್ವಂತ ವ್ರತದಿಂದಾದರೂ ಆಗಬಹುದು, ಎರಡರಿಂದಲೂ ಹಿಂದಿರುಗುವಂತಿಲ್ಲ ಎಂದಿತು. ಹೀಗೆ ಬಾಲ್ಯದಲ್ಲಿ ಫುಲ್ಡಾ ಮಠಕ್ಕೆ ಅರ್ಪಿತನಾಗಿದ್ದ ಗೊಟ್‌ಶಾಲ್ಕ್ ಎಂಬಾತ 829ರಲ್ಲಿ ಮೈನ್ಝ್ ಸಭೆಯ ಮುಂದೆ ನಿಂತು ಬಿಡುಗಡೆ ಕೇಳಿದ. ಅವನ ಮಠಾಧಿಪತಿ ರಾಬಾನುಸ್ ಮೌರುಸ್ ಇದನ್ನು ವಿರೋಧಿಸಿ ಮಕ್ಕಳ ಅರ್ಪಣೆಯನ್ನು ಸಮರ್ಥಿಸುವ ಗ್ರಂಥವನ್ನೇ ಬರೆದ. ಗೊಟ್‌ಶಾಲ್ಕ್ ಫುಲ್ಡಾವನ್ನು ಬಿಟ್ಟರೂ ಸಾಯುವವರೆಗೆ ಸನ್ಯಾಸಿಯಾಗಿಯೇ ಉಳಿದ. ಗಾಳಿ ತಿರುಗಲು ಶತಮಾನಗಳು ಹಿಡಿದವು. 1563ರಲ್ಲಿ ಟ್ರೆಂಟ್ ಮಹಾಸಭೆ ತನ್ನ 25ನೇ ಅಧಿವೇಶನದಲ್ಲಿ, ಕನ್ಯಾಮಠ ಸೇರುವ ಹುಡುಗಿಯ ಸ್ವಂತ ಇಚ್ಛೆಯೇನೆಂದು ಧರ್ಮಾಧ್ಯಕ್ಷರು ಅವಳನ್ನೇ ಕೇಳಿ ತಿಳಿಯಬೇಕೆಂದು ವಿಧಿಸಿ, ಬಲವಂತವಾಗಿ ಸೇರಿಸುವವರಿಗೆ ಬಹಿಷ್ಕಾರ ಘೋಷಿಸಿತು. ಇಂದಿನ ಸಂಹಿತೆಯ 643ನೇ ವಿಧಿಯಂತೆ, ಬಲವಂತಕ್ಕೋ ಗಂಭೀರ ಭಯಕ್ಕೋ ಒಳಗಾಗಿ ಮಠ ಸೇರಿದರೆ ಆ ಪ್ರವೇಶವೇ ಅಸಿಂಧು. ಅಂದರೆ ಹರಕೆ ತೀರದ ಭಯಕ್ಕೆ ನೀವು ಅಂದು ಮಠ ಸೇರಲು ಹೋಗಿದ್ದರೆ, ಕಾರಣ ತಿಳಿದ ಮೇಲೆ ಮದರ್ ಸುಪೀರಿಯರ್ ನಿಮ್ಮನ್ನು ಮನೆಗೆ ಕಳಿಸಬೇಕಾಗುತ್ತಿತ್ತು.

ಯೇಸುಸ್ವಾಮಿಯ ಮಾತು ಈ ವಿಷಯದಲ್ಲಿ ತೀರ ಹತ್ತಿರದ್ದು. ಮಾರ್ಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ಅವರು, ತಂದೆತಾಯಿಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮೀಸಲು, ಎಂದುಬಿಟ್ಟು ಅವರನ್ನು ಕೈಬಿಡುವವರನ್ನು ಖಂಡಿಸುತ್ತಾರೆ. ಈ ಪದ ಆಗ ದಿನಬಳಕೆಯಲ್ಲಿತ್ತು: ಯೆರೂಸಲೇಮಿನ ಬಳಿ ಸಿಕ್ಕ ಒಂದು ಅಸ್ಥಿಪೆಟ್ಟಿಗೆಯ ಮುಚ್ಚಳದ ಮೇಲೆ, ಇದರೊಳಗೆ ಯಾರಿಗೆ ಯಾವ ಲಾಭದ ವಸ್ತು ಸಿಕ್ಕರೂ ಅದು ಒಳಗಿರುವವನಿಂದ ದೇವರಿಗೆ ಕೊರ್ಬಾನ್ ಎಂದು ಅರಾಮಿಕ್ ಭಾಷೆಯಲ್ಲಿ ಕೊರೆದಿದೆ, ಕಳ್ಳರನ್ನು ದೂರವಿಡುವುದಕ್ಕೆ. ನಮ್ಮ ಊರುಗಳಲ್ಲಿ ಮುಡಿಪಿನ ಗಂಟನ್ನು ಯಾರೂ ಮುಟ್ಟದಂತೆ ಮಾಡುವ ಮಾತಿನ ಬಲವೇ ಇದು. ಆದರೆ ಇದನ್ನು ಯೇಸು ಒಂದೆಡೆ, ಯೆಹೂದಿಗಳು ಒಂದೆಡೆ ಎಂದು ಓದಬಾರದು. ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ, ಯೆಹೂದಿ ಧರ್ಮನಿಯಮಗಳ ಸಂಗ್ರಹವಾದ ಮಿಶ್ನಾದಲ್ಲಿ ರಬ್ಬಿ ಎಲಿಯೇಜರ್, ತಂದೆತಾಯಿಯ ಗೌರವವನ್ನು ಮುಂದಿಟ್ಟು ಹರಕೆಗೆ ಬಿಡುಗಡೆಯ ಬಾಗಿಲು ತೆರೆಯಬಹುದು ಎಂದು ವಾದಿಸುತ್ತಾನೆ. ಹರಕೆ ಬಿಡಿಸುವ ನಿಯಮಗಳು ಆಧಾರವಿಲ್ಲದೆ ಗಾಳಿಯಲ್ಲಿ ತೇಲುತ್ತವೆ ಎಂದು ಅದೇ ಮಿಶ್ನಾ ಬೇರೊಂದು ಕಡೆ ಒಪ್ಪಿಕೊಳ್ಳುತ್ತದೆ. ಧರ್ಮಶಾಸ್ತ್ರದಲ್ಲಿ ಆಧಾರ ಸಾಲದಿದ್ದರೂ ಜನರ ಕಷ್ಟ ನೋಡಿ ಅವರು ಬಾಗಿಲು ತೆರೆದರು.

ಇಷ್ಟಾದರೂ ಹೊಸ ಒಡಂಬಡಿಕೆ ಹರಕೆಯನ್ನೇ ಅಳಿಸಿಹಾಕಲಿಲ್ಲ. ಪೌಲ ಕೆಂಖ್ರೆ ಬಂದರಿನಲ್ಲಿ ಹರಕೆಯ ಕಾರಣ ತಲೆಗೂದಲು ತೆಗೆಸಿದನೆಂದು ಪ್ರೇಷಿತರ ಕಾರ್ಯಕಲಾಪಗಳ 18ನೇ ಅಧ್ಯಾಯ ಹೇಳುತ್ತದೆ; ವೇಳಾಂಗಣ್ಣಿಯಲ್ಲಿ ಮುಡಿ ಕೊಡುವವರನ್ನು ಅನ್ಯಾಚಾರದವರೆಂದು ಜರೆಯುವ ಮೊದಲು ಅದನ್ನೊಮ್ಮೆ ಓದಬೇಕು. ವ್ಯತ್ಯಾಸ ಇಷ್ಟೇ: ಪೌಲ ಕೊಟ್ಟದ್ದು ತನ್ನ ಕೂದಲನ್ನು.

ನಿಮ್ಮ ತಾಯಿಯ ಹರಕೆಯನ್ನು ಬದಲಾಯಿಸುವ, ಅದಕ್ಕೆ ಬಿಡುಗಡೆ ಬೇಡುವ ಕೆಲಸ ನಿಮಗೆ ಉಳಿದಿಲ್ಲ. 1193ನೇ ವಿಧಿಯಂತೆ ಅದು ಅವರದು, ಅವರೊಂದಿಗೇ ಮುಗಿದಿದೆ. ಅವರ ಹೆಸರಿನಲ್ಲಿ ಒಂದು ಬಲಿಪೂಜೆ (ಮಾಸ್) ಮಾಡಿಸಿ ನಾಲ್ಕು ಮಂದಿಗೆ ಊಟ ಹಾಕಬೇಕೆಂದು ಅನ್ನಿಸಿದರೆ ಹಾಗೆಯೇ ಮಾಡಿ, ಆದರೆ ತಪ್ಪು ಕಾಣಿಕೆಯಾಗಿ ಅಲ್ಲ. ಬದುಕಿ ಉಳಿದದ್ದಕ್ಕೆ 116ನೇ ಕೀರ್ತನೆಯವನು ಸಲ್ಲಿಸಿದ ಕೃತಜ್ಞತೆಯಂತೆ ಮಾಡಿ, ದೊಡ್ಡಮ್ಮನನ್ನೂ ಪಂಕ್ತಿಯಲ್ಲಿ ಕೂರಿಸಿಕೊಳ್ಳಿ. ಅವರಿಗೆ ಇಷ್ಟೆಲ್ಲ ವಾದ ಬೇಕಾಗಲಾರದು. ಧರ್ಮಕೇಂದ್ರದ ಗುರುಗಳೇ ಒಂದು ಮಾತು ಹೇಳಿದರೆ ಹೆಚ್ಚು ಉಪಯೋಗವಾದೀತು.

ಆ ಹುಡುಗಿಗೆ, ದೇವರು ಆ ಬಲಿಯನ್ನು ಕೇಳಿರಲಿಲ್ಲ ಎಂದು ಮೊದಲು ಹೇಳಿ. ಮುಂದಿನ ಭಾನುವಾರ ಯೋನಾತಾನನ ಜೇನಿನ ಕಥೆಯನ್ನು ಓದಿಸಿ, ಎರಡು ಕಥೆಗಳಲ್ಲೂ ಯಾರು ಯಾರು ಮಾತಾಡುತ್ತಾರೆಂದು ಮಕ್ಕಳಿಂದಲೇ ಕರಿಹಲಗೆಯ ಮೇಲೆ ಬರೆಸಿ. ಯೋನಾತಾನನಿಗಾಗಿ ಬಾಯಿ ಬಿಡಲು ಸೈನಿಕರಿಗೆ ಸಿಕ್ಕದ್ದು ಕೆಲವು ಗಳಿಗೆ. ಯೆಫ್ತಾಹನ ಊರಿನವರಿಗೆ ಎರಡು ತಿಂಗಳು ಸಮಯವಿತ್ತು.